ಪರಸಿ ನೆಲ, ಹಳೆ ಸೀರೆ, ಕೈಗೊಪ್ಪುವ ಕಟರ್

ರೋಟರಿ ಕಟರ್ ಮಾರುವವರು ಹಿಡಿಕೆಯ ಗುಣಗಾನ ಮಾಡುತ್ತಾರೆ, ಬ್ಲೇಡಿನ ಹೊಳಪು ತೋರಿಸುತ್ತಾರೆ. ಕೊಳ್ಳುವವರು ಎಲ್ಲಿ ಕೂತು ಅರಿವೆ ಕತ್ತರಿಸುತ್ತಾರೆ ಎಂದು ಕೇಳುವವರಿಲ್ಲ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿ ಕಡೆಯ ಮನೆಗಳಲ್ಲಿ ಕೌದಿ ಹರಡುವುದು ನೆಲದ ಮೇಲೆ, ಆ ನೆಲಕ್ಕೆ ಹಾಸಿರುವುದು ಇಲ್ಲಿಯದೇ ಖಣಿಯ ಪರಸಿ ಕಲ್ಲು. ಅಂಗಡಿಯಲ್ಲಿ ಸಿಗುವ ಕಟರ್‌ಗಳಾದರೋ ಮೇಜಿನ ಮುಂದೆ ನಿಂತು ಕೆಲಸ ಮಾಡುವವರನ್ನು ನೆನೆದು ಮಾಡಿದಂಥವು. ಹಾಗಾಗಿ ಹೊರಗಿನವರು ಮೆಚ್ಚಿ ಐದು ನಕ್ಷತ್ರ ಕೊಟ್ಟ ಕಟರ್ ನಮ್ಮ ಪಡಸಾಲೆಗೆ ಬಂದು ಅರ್ಧ ಗಂಟೆಯಲ್ಲೇ ಮಣಿಕಟ್ಟು ನೋಯಿಸಬಹುದು. ಕಟರ್ ಆರಿಸುವಾಗ ಮೊದಲು ನೋಡಬೇಕಾದ್ದು ಬ್ರ್ಯಾಂಡ್ ಅಲ್ಲ, ನೀವು ಕೂರುವ ಭಂಗಿ.

ರೋಟರಿ ಕಟರ್ ನೋಡಿರದವರು ದೀಪಾವಳಿಗೆ ಕರ್ಚಿಕಾಯಿ ಅಂಚು ಕತ್ತರಿಸುವ ಗಾಲಿ ಚಮಚ ನೆನಪಿಸಿಕೊಳ್ಳಲಿ. ಅದೇ ಬಗೆ. ಗಾಲಿಯ ಜಾಗದಲ್ಲಿ ಸುತ್ತಲೂ ಹರಿತವಿರುವ ತೆಳ್ಳನೆ ಉಕ್ಕಿನ ಬಿಲ್ಲೆ, ಅದಕ್ಕೊಂದು ಹಿಡಿಕೆ, ಬಿಲ್ಲೆಯನ್ನು ಮುಚ್ಚುವ ಒಂದು ಕವಚ. ಇದನ್ನು 1979ರಲ್ಲಿ ಹೊರತಂದದ್ದು ಜಪಾನಿನ ಓಲ್ಫಾ ಕಂಪನಿ. ತುದಿ ಮುರಿದರೆ ಹೊಸ ಹರಿತ ಬರುವ ಹಳದಿ ಕಟರ್ ಸ್ಟೇಷನರಿ ಅಂಗಡಿಗಳಲ್ಲಿ ಸಿಗುತ್ತದಲ್ಲ, ಅದರ ಮೂಲವೂ ಇದೇ ಕಂಪನಿಯ ಯೋಶಿಯೊ ಒಕಾಡ ಅವರ ಕೈಕೆಲಸವೇ. ಬಟ್ಟೆ ಹೊಲಿಯುವವರಿಗೆಂದು ಬಂದ ಕಟರನ್ನು ಅಮೆರಿಕದ ಕ್ವಿಲ್ಟ್ ಹೊಲಿಯುವವರು ಎತ್ತಿಕೊಂಡರು. ಅಲ್ಲಿಂದ ಮುಂದೆ ಅದಕ್ಕೆ ಜೊತೆಯಾಗಿ ಅಡಿಯಲ್ಲಿ ಹಾಸುವ ಕಟಿಂಗ್ ಮ್ಯಾಟ್, ಪಾರದರ್ಶಕ ಅಕ್ರಿಲಿಕ್ ಪಟ್ಟಿ ಬಂದವು. ಈ ಮೂರೂ ಕೂಡಿದರೇ ಕೆಲಸ. ಬರೀ ಕಟರ್ ತಂದಿಟ್ಟುಕೊಂಡು ಪ್ರಯೋಜನವಿಲ್ಲ.

ನಿಮಗೆ ಇದು ಬೇಕೇ ಎನ್ನುವುದು ಬೇರೆ ಮಾತು. ಕೌದಿ ಹೊಲಿದು ಕೈ ಪಳಗಿದ ಯಾವ ಹಿರಿಯಳನ್ನು ಕೇಳಿದರೂ, "ಅದ್ಯಾಕ ಬೇಕವ್ವ, ಹಳಿ ಸೀರಿ ಅಂಚಿಗೊಂದು ಕಚ್ಚು ಹಾಕಿ ಹರದ್ರ ನೆಟ್ಟಗ ಬರ್ತದ" ಅಂದಾಳು. ಆಕೆಯ ಮಾತು ಖರೆ. ಕೈಮಗ್ಗದ ಹತ್ತಿ ಸೀರೆಯಾಗಲಿ ಧೋತರವಾಗಲಿ ಎಳೆಯ ಗುಂಟ ಹರಿದರೆ ಯಾವ ಪಟ್ಟಿಯ ಹಂಗಿಲ್ಲದೆ ನೇರ ಬರುತ್ತದೆ. ಸೀರೆ ಮೇಲೆ ಸೀರೆ ಹಾಸಿ, ಸಾಲು ಸಾಲಾಗಿ ದಾರ ಓಡಿಸುವ ಕೌದಿಗೆ ಕಟರ್ ದಂಡ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿ: ಅಂಚಿನಿಂದ ಶುರುವಾಗಿ ಸುತ್ತುತ್ತ ಒಳಕ್ಕೆ ಬರುತ್ತದೆ, ಕೈಗೆ ಸಿಕ್ಕ ತುಂಡು ಸಿಕ್ಕ ಅಳತೆಯಲ್ಲೇ ಕೂರುತ್ತದೆ, ಮೂಲೆಗಳಲ್ಲಿ ಮಡಿಚಿ ಹಚ್ಚುವ 'ಫುಲಾ' ಇಲ್ಲದಿದ್ದರೆ ಆ ಕೌದಿ ಪೂರ್ತಿಯಾಗಲಿಲ್ಲವೆಂದೇ ಲೆಕ್ಕ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಅವರು ಇವುಗಳನ್ನು ಅಧ್ಯಯನ ಮಾಡಿ ಹೊರಗಿನ ಜಗತ್ತಿಗೆ ಪರಿಚಯಿಸಿದರು. ಆ ಅಂದಕ್ಕೆ ಅಳತೆಪಟ್ಟಿಯೇ ಶತ್ರು.

ಕಟರ್ ಬೇಕಾಗುವುದು ಒಂದೇ ಅಳತೆಯ ಚೌಕ, ತ್ರಿಕೋನಗಳನ್ನು ಜೋಡಿಸಿ ಮೇಲ್ಪದರ ಮಾಡುವಾಗ. ಟೇಲರ್ ಅಂಗಡಿಯ ಕಟ್‌ಪೀಸ್ ತಂದು ಹೊಲಿಯುವವರಿಗೆ, ಮಾರಾಟಕ್ಕೆಂದು ನಾಲ್ಕಾರು ಕೌದಿ ಒಟ್ಟಿಗೆ ಮಾಡುವ ಮಹಿಳಾ ಸಂಘಗಳಿಗೆ, ಪಾಲಿಯೆಸ್ಟರ್ ಬೆರೆತು ನೆಟ್ಟಗೆ ಹರಿಯಲೊಪ್ಪದ ಸೀರೆಗಳಿಗೆ. ಒಂದು ಲೆಕ್ಕ ಹಾಕೋಣ. 90 ಇಂಚು ಉದ್ದ, 60 ಇಂಚು ಅಗಲದ ಕೌದಿಗೆ 5 ಇಂಚಿನ ಚೌಕಗಳು 216 ಬೇಕು. ಹೊಲಿಗೆಗೆ ಸುತ್ತಲೂ ಕಾಲು ಇಂಚು ಬಿಟ್ಟರೆ ಕತ್ತರಿಸುವ ಅಳತೆ ಐದೂವರೆ ಇಂಚು. ಒಂದೊಂದು ಚೌಕದ ನಾಲ್ಕೂ ಬದಿಯನ್ನು ಕತ್ರಿಯಲ್ಲಿ ಕತ್ತರಿಸಿದರೆ ಒಟ್ಟು 4752 ಇಂಚು, ಅಂದರೆ 120 ಮೀಟರ್ ಮೀರಿತು. ಅಷ್ಟು ದೂರವೂ ಹೆಬ್ಬೆರಳು ಕತ್ರಿಯ ಕಣ್ಣಿಗೆ ಒತ್ತಿಕೊಂಡೇ ಇರಬೇಕು. ಅದೇ ನಾಲ್ಕು ಪದರ ಮಡಿಚಿ ಕಟರ್ ಓಡಿಸಿದರೆ 30 ಮೀಟರ್. ಮೊದಲು ಉದ್ದನೆ ಪಟ್ಟಿ ಮಾಡಿಕೊಂಡು ಆಮೇಲೆ ಅಡ್ಡ ಕತ್ತರಿಸಿದರೆ ಅಕ್ಕಪಕ್ಕದ ಚೌಕಗಳಿಗೆ ಒಂದೇ ಗೆರೆ ಸಾಲುವುದರಿಂದ ಅದರಲ್ಲೂ ಅರ್ಧದಷ್ಟು ಉಳಿಯುತ್ತದೆ. ಜೋಳದ ಹಿಟ್ಟು ನಾದಿ, ರೊಟ್ಟಿ ಬಡಿದು, ಅರಿವೆ ಒಗೆದು ಮೊದಲೇ ಸೋತಿರುವ ಕೈಗೆ ಈ ಉಳಿತಾಯ ಸಣ್ಣದಲ್ಲ.

ಕೂತಾಗ ಮಣಿಕಟ್ಟು ಏನಾಗುತ್ತದೆ

ಮೇಜಿನ ಮುಂದೆ ನಿಂತವರ ಭುಜ ಬ್ಲೇಡಿನ ಮೇಲ್ಗಡೆ ಇರುತ್ತದೆ. ಮೈಭಾರ ತಾನಾಗಿ ಕೆಳಗಿಳಿಯುತ್ತದೆ, ಕೈ ಬರೀ ದಾರಿ ತೋರಿಸಿದರೆ ಸಾಕು. ಚಕ್ಕಳಮಕ್ಕಳ ಹಾಕಿ ಕೂತವರ ಪಾಡು ಬೇರೆ. ಮೊಣಕಾಲು ಅಡ್ಡ ಬರುತ್ತದೆ, ಕೈ ಮುಂದಕ್ಕೂ ಕೆಳಕ್ಕೂ ಚಾಚಬೇಕು. ಕಟರ್ ದೂರ ಹೋದಂತೆಲ್ಲ ತೋಳು ಮಲಗುತ್ತ ಹೋಗುತ್ತದೆ, ಮಣಿಕಟ್ಟು ಮೇಲಕ್ಕೆ ಮಡಿಯುತ್ತ ಬರುತ್ತದೆ. ಮೈಭಾರ ಸಿಗದೆ ಬರೀ ಮುಂಗೈ ಬಲದಿಂದಲೇ ಒತ್ತಬೇಕು. ಮಡಿದ ಮಣಿಕಟ್ಟಿನಿಂದ ಒತ್ತುವುದೇ ನೋವಿನ ಮೂಲ.

ಆದ್ದರಿಂದ ಕಟರ್ ಕೊಳ್ಳುವ ಮುಂಚೆ ಅಂಗಡಿಯ ಕೌಂಟರ್ ಮೇಲಲ್ಲ, ಸಾಧ್ಯವಾದರೆ ನೆಲದ ಮೇಲೆ ಕೂತು ನೋಡಿ. ಅಂಗಡಿಯವರು ನಕ್ಕರೆ ನಗಲಿ. ಬ್ಲೇಡ್ ಮುಚ್ಚಿಯೇ ಇರಲಿ. ಮನೆಯಲ್ಲಿ ಕೂರುವಂತೆಯೇ ಕೂತು, ಕಟರನ್ನು ಒಂದಡಿ ದೂರ ಮುಂದೆ ತಳ್ಳಿ ಅಲ್ಲೇ ನಿಲ್ಲಿಸಿ. ಈಗ ಪಕ್ಕದಿಂದ ಕೈ ನೋಡಿಕೊಳ್ಳಿ. ಮುಂಗೈ ಮತ್ತು ಅಂಗೈಯ ಬೆನ್ನು ಒಂದೇ ಗೆರೆಯಲ್ಲಿದ್ದರೆ ಅದು ನಿಮ್ಮ ಕಟರ್. ನಡುವೆ ಮಣಿಕಟ್ಟಿನಲ್ಲಿ ಚರ್ಮ ನೆರಿಗೆ ಬಿದ್ದು ಮಡಿದಿದ್ದರೆ ಎಷ್ಟೇ ಹೆಸರುವಾಸಿಯಾದರೂ ಬೇಡ. ಆನ್‌ಲೈನ್‌ನಲ್ಲಿ ತರಿಸುವವರು ಪೊಟ್ಟಣ ಬಿಚ್ಚಿದ ದಿನವೇ ಈ ಪರೀಕ್ಷೆ ಮಾಡಿ, ಹಿಂದಿರುಗಿಸುವ ಅವಧಿ ಮುಗಿಯುವ ಮುಂಚೆ ತೀರ್ಮಾನಿಸಬೇಕು.

ಹಿಡಿಕೆಗಳಲ್ಲಿ ಮುಖ್ಯವಾಗಿ ಮೂರು ಬಗೆ. ನೆಟ್ಟನೆ ಕೋಲಿನಂಥದ್ದು ಹಳೆಯದು, ಅಗ್ಗದ್ದು, ಎಡಗೈಯವರಿಗೂ ಬಲಗೈಯವರಿಗೂ ಬ್ಲೇಡ್ ಬದಿ ಬದಲಿಸಿ ಹೊಂದಿಸಬಹುದಾದದ್ದು. ನಿಂತು ಕತ್ತರಿಸುವವರಿಗೆ ಇದರಲ್ಲಿ ತಕರಾರಿಲ್ಲ. ಕೂತವರಿಗೆ ಎಂಟು ಹತ್ತು ಇಂಚು ದಾಟಿದ ಕೂಡಲೇ ಮಣಿಕಟ್ಟು ಮಡಿಯುತ್ತದೆ. ಎರಡನೆಯದು ಬಾಗಿದ ಹಿಡಿಕೆ. ಅಂಗೈಯ ಗುಳಿಗೆ ಹಿಡಿಕೆಯ ಹಿಂಬದಿ ಕೂರುತ್ತದೆ, ಮುಂದೆ ತೋರುಬೆರಳು ಊರಲು ಗೀರು ಗೀರಿನ ಜಾಗವಿರುತ್ತದೆ. ಬಾಗು ಇರುವುದರಿಂದ ತೋಳು ಮಲಗಿದರೂ ಮಣಿಕಟ್ಟು ಅಷ್ಟು ಮಡಿಯುವುದಿಲ್ಲ. ನೆಲದ ಮೇಲೆ ಕೂರುವವರಿಗೆ ಇದೇ ವಾಸಿ ಎಂಬುದು ನನ್ನ ಅಭಿಪ್ರಾಯ. ಮೂರನೆಯದು ಬ್ಲೇಡಿನ ಮೇಲೆ ಕೈಯಿಟ್ಟು ಒತ್ತುವಂಥ ವಿಶೇಷ ವಿನ್ಯಾಸದ್ದು. ಅಮೆರಿಕದ ಮಾರ್ಟೆಲ್ಲಿ ಕಂಪನಿಯ ಕಟರ್ ಈ ಜಾತಿಯದು, ಎಡಗೈಗೆ ಬೇರೆ, ಬಲಗೈಗೆ ಬೇರೆ ಎಂದೇ ಮಾರುತ್ತಾರೆ. ಸಂಧಿವಾತ ಇರುವವರು ಮೆಚ್ಚಿಕೊಳ್ಳುವುದುಂಟು. ಆದರೆ ಇದಕ್ಕೆ ಮೇಲಿನಿಂದ ಬಾಗಬೇಕು, ಅಂದರೆ ಮೇಜು ಬೇಕು. ದುಬಾರಿ ಬೇರೆ. ಮೊದಲ ಕಟರ್ ಆಗಿ ಇದನ್ನು ತರಬೇಡಿ.

ಬ್ಲೇಡ್ ಹೊರಬರುವ ರೀತಿಯೂ ಕೈಗೆ ಸಂಬಂಧಿಸಿದ್ದೇ. ಕೆಲವಲ್ಲಿ ಹಿಡಿಕೆ ಅದುಮಿದಾಗ ಮಾತ್ರ ಬ್ಲೇಡ್ ಹೊರಗೆ, ಬಿಟ್ಟರೆ ಒಳಗೆ. ಮನೆಯಲ್ಲಿ ತೆವಳುವ ಕೂಸು ಇದ್ದರೆ ಇದಕ್ಕಿಂತ ಒಳ್ಳೆಯದಿಲ್ಲ. ಆದರೆ ಕತ್ತರಿಸುವಷ್ಟು ಹೊತ್ತೂ ಅದುಮಿಯೇ ಹಿಡಿದರೆ ಹೆಬ್ಬೆರಳ ಬುಡ ಕುಟುಕುತ್ತದೆ. ಅದುಮಿದ ಮೇಲೆ ತೆರೆದೇ ನಿಲ್ಲುವಂತೆ ಲಾಕ್ ಗುಂಡಿ ಇರುವ ಮಾದರಿ ಇದಕ್ಕೆ ಪರಿಹಾರ. ಇನ್ನು ಕೆಲವಲ್ಲಿ ಹೆಬ್ಬೆರಳಿಂದ ಕವಚ ಸರಿಸುತ್ತೀರಿ. ಇದರಲ್ಲಿ ಕೈಗೆ ಆಯಾಸ ಕಡಿಮೆ, ಮುಚ್ಚುವುದನ್ನು ಮರೆಯುವ ಅಪಾಯ ಜಾಸ್ತಿ.

ಹಿಡಿಕೆಯ ದಪ್ಪವನ್ನು ಬಹಳ ಜನ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಿಡಿ ಬಿಗಿದಾಗ ಹೆಬ್ಬೆರಳ ತುದಿ ನಡುಬೆರಳ ತುದಿಯನ್ನು ಸಲೀಸಾಗಿ ಮುಟ್ಟಬೇಕು. ಮುಟ್ಟದಿದ್ದರೆ ಹಿಡಿಕೆ ದೊಡ್ಡದಾಯಿತು, ಜಾರದಿರಲೆಂದು ನೀವು ಬೇಕಾದ್ದಕ್ಕಿಂತ ಬಿಗಿಯಾಗಿ ಹಿಡಿಯುತ್ತೀರಿ. ನಮ್ಮ ಬೇಸಿಗೆಯಲ್ಲಿ ಅಂಗೈ ಬೆವೆಯುವುದು ಖಚಿತ. ನುಣ್ಣನೆ ಪ್ಲಾಸ್ಟಿಕ್ ಜಾರುತ್ತದೆ, ರಬ್ಬರ್ ಹೊದಿಕೆಯಿದ್ದರೆ ಹಿಡಿತ ಸಿಗುತ್ತದೆ. ತೀರ ಅಗ್ಗದ ರಬ್ಬರ್ ಮಾತ್ರ ಬಿಸಿಗೆ ಕಾಲಾಂತರದಲ್ಲಿ ಅಂಟಂಟಾಗುತ್ತದೆ, ಉಗುರಿನಿಂದ ಗೀರಿ ನೋಡಿ ಕೊಳ್ಳಿ.

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿಯುವುದು, ರಾತ್ರಿ ನಿದ್ದೆಯಲ್ಲಿ ಕೈ ಚುಮುಚುಮು ಎಂದು ಎಚ್ಚರವಾಗುವುದು ಮಣಿಕಟ್ಟಿನೊಳಗಿನ ನರ ಒತ್ತಿಕೊಳ್ಳುತ್ತಿರುವ ಲಕ್ಷಣವಿರಬಹುದು. ಅದಕ್ಕೆ ಕಟರ್ ಬದಲಿಸಿದರೆ ಸಾಲದು, ಡಾಕ್ಟರಿಗೆ ತೋರಿಸಿ.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು: ನಿಲ್ಲಲು ಸಾಧ್ಯವಿದ್ದವರು ನಿಂತೇ ಕತ್ತರಿಸಿ. ಬೇರೆ ಮೇಜು ಬೇಡ, ಅಡುಗೆ ಕಟ್ಟೆ ಇದೆಯಲ್ಲ. ರೊಟ್ಟಿಯ ಕೆಲಸ ಮುಗಿದು ಕಟ್ಟೆ ಒರೆಸಿ ಒಣಗಿದ ಮೇಲೆ ಮ್ಯಾಟ್ ಹಾಸಿ. ಮೊಣಕೈಗಿಂತ ಕಟ್ಟೆ ಒಂದು ಗೇಣಿನೊಳಗೆ ಕೆಳಗಿದ್ದರೆ ಎತ್ತರ ಸರಿಯಾಯಿತು. ಹೊಲಿಯುವುದಕ್ಕೆ ಹೇಗೂ ನೆಲಕ್ಕೇ ಬರುತ್ತೀರಿ, ಕತ್ತರಿಸುವ ಹೊತ್ತಾದರೂ ಸೊಂಟಕ್ಕೆ ಬಿಡುವು ಸಿಗಲಿ. ಕಟ್ಟೆ ಇಕ್ಕಟ್ಟಾದರೆ ನೆಲದ ಮೇಲೆ ಮೊಣಕಾಲೂರಿ ಕೂರಿ, ಮೊಣಕಾಲಡಿ ಮಡಿಚಿದ ಹಳೆ ಕೌದಿ ಇರಲಿ. ಭುಜ ಮುಂದೆ ಬಂದು ಮೈಭಾರ ಸಿಗುತ್ತದೆ. ಅರಿವೆಯನ್ನು ಮಡಿಚಿ ಒಂದು ಎಳೆತ ಒಂದಡಿಗೆ ಮೀರದಂತೆ ಮಾಡಿಕೊಳ್ಳಿ. ಕ್ವಿಲ್ಟ್ ಪುಸ್ತಕಗಳು 24 ಇಂಚಿನ ಪಟ್ಟಿ ಹೇಳುತ್ತವೆ, ಕೂತವರಿಗೆ 12 ಇಂಚಿನದೇ ಸಾಕು.

ಬ್ಲೇಡ್ ಎಷ್ಟು ದೊಡ್ಡದಿರಬೇಕು

ಬ್ಲೇಡಿನ ವ್ಯಾಸ 18, 28, 45, 60 ಮಿಲಿಮೀಟರ್‌ಗಳಲ್ಲಿ ಸಿಗುತ್ತದೆ. ಒಂದೇ ಕೊಳ್ಳುವುದಾದರೆ 45. ಬದಲಿ ಬ್ಲೇಡ್ ಸುಲಭವಾಗಿ ಸಿಗುವುದೂ ಅದಕ್ಕೇ. ಹಳೆ ಹತ್ತಿ ಸೀರೆ ನಾಲ್ಕರಿಂದ ಆರು ಪದರ ಆರಾಮಾಗಿ ಹೋಗುತ್ತದೆ. ಸೊಲ್ಲಾಪುರದ ಚಾದರ, ಜೀನ್ಸ್, ದಪ್ಪ ಹಾಸುಬಟ್ಟೆ ಕತ್ತರಿಸುವವರಿಗೆ 60 ಒಳ್ಳೆಯದು. ದೊಡ್ಡ ಗಾಲಿ ಕಡಿಮೆ ಒತ್ತಡದಲ್ಲಿ ಉರುಳುತ್ತದೆ, ಆದರೆ ತೂಕ ಹೆಚ್ಚು, ಸಣ್ಣ ಕೈಗೆ ಭಾರ. 28 ಬೇಕಾಗುವುದು ಹೂವಿನ ದಳದಂಥ ತಿರುವುಗಳಿಗೆ. 18ನ್ನು ಮರೆತುಬಿಡಿ.

ಬೆಲೆ ಕೆಲವು ನೂರು ರೂಪಾಯಿಯಿಂದ ಶುರುವಾಗುತ್ತದೆ. ಓಲ್ಫಾ, ಫಿನ್ಲೆಂಡಿನ ಫಿಸ್ಕಾರ್ಸ್ ಹೆಚ್ಚು ಬೆಲೆಯವು, ಹೆಸರಿಲ್ಲದವು ಅಗ್ಗ. ಅಗ್ಗದ ಹಿಡಿಕೆಯೂ ನಡೆಯುತ್ತದೆ, ಮೇಲಿನ ಪರೀಕ್ಷೆಯಲ್ಲಿ ಪಾಸಾದರೆ. ಬ್ಲೇಡಿನಲ್ಲಿ ಮಾತ್ರ ಜಿಪುಣತನ ಬೇಡ. ಮೊಂಡು ಬ್ಲೇಡಿಟ್ಟ ದುಬಾರಿ ಕಟರ್‌ಗಿಂತ ಹೊಸ ಬ್ಲೇಡಿಟ್ಟ ಅಗ್ಗದ ಕಟರ್ ಕೈಗೆ ಹಿತ. ಬೇರೆ ಕಂಪನಿಯ ಬ್ಲೇಡ್ ತರುವಾಗ ನಡುವಿನ ತೂತು ಹೊಂದುತ್ತದೆಯೇ ನೋಡಿಕೊಳ್ಳಿ, ಎಲ್ಲವೂ ಎಲ್ಲಕ್ಕೂ ಕೂರುವುದಿಲ್ಲ.

ಕಲ್ಲು, ಧೂಳು, ಬಿಸಿಲು

ನಮ್ಮ ಭಾಗದ ಪರಸಿ ಭೀಮಾ ಕೊಳ್ಳದ ಸುಣ್ಣಕಲ್ಲು, ಪದರ ಪದರವಾಗಿ ಏಳುವಂಥದ್ದು. ಅದೇ ಸುಣ್ಣಕಲ್ಲಿನ ದೆಸೆಯಿಂದ ವಾಡಿ, ಶಹಾಬಾದ್, ಸೇಡಂಗಳಿಗೆ ಸಿಮೆಂಟ್ ಕಾರ್ಖಾನೆಗಳು ಬಂದವು. ಕಲ್ಲು, ಕಾರ್ಖಾನೆಯ ಧೂಳು ಎರಡೂ ಕಟರಿಗೆ ಸಂಬಂಧಿಸಿವೆ. ಮ್ಯಾಟ್ ಇಲ್ಲದೆ ಪರಸಿಯ ಮೇಲೆ ಒಮ್ಮೆ ಎಳೆದರೂ ಬ್ಲೇಡಿನ ತೆಳ್ಳನೆ ಬಾಯಿ ಹೋಯಿತೆಂದೇ ತಿಳಿಯಿರಿ. ರಟ್ಟು, ಪೇಪರ್ ಅಡಿಗಿಟ್ಟರೆ ಸಾಕೆಂಬುದು ತಪ್ಪು ಎಣಿಕೆ, ಅವು ತಾವೇ ಹರಿತ ಕಳೆಯುತ್ತವೆ. ಕತ್ತರಿಸಿದ ಗೀರು ಮತ್ತೆ ಕೂಡಿಕೊಳ್ಳುವಂಥ ಹಸಿರು ಮ್ಯಾಟೇ ಬೇಕು. 24 ಇಂಚು ಉದ್ದ, 18 ಇಂಚು ಅಗಲದ್ದಾದರೆ ಎರಡಡಿ ಚೌಕದ ಒಂದೇ ಪರಸಿಯೊಳಗೆ ಕೂರುತ್ತದೆ. ಎರಡು ಕಲ್ಲಿನ ಸಂದಿನ ಮೇಲೆ ಹಾಸಿದರೆ ಮ್ಯಾಟ್ ಅಲ್ಲಿ ತಗ್ಗುತ್ತದೆ, ಆ ಜಾಗದಲ್ಲಿ ಕೆಳಪದರ ಕತ್ತರಿಸದೆ ಉಳಿಯುತ್ತದೆ, ನೀವು ಕಟರನ್ನು ಬಯ್ಯುತ್ತೀರಿ. ಪಾಲಿಷ್ ಮಾಡದ ಒರಟು ಪರಸಿಯಾದರೆ ಅಡಿಯಲ್ಲಿ ಪ್ಲೈವುಡ್ ತುಂಡು ಹಾಕಿ.

ಧೂಳಿನ ವಿಷಯ ಕಾರ್ಖಾನೆಯ ಸಮೀಪ ಇರುವವರಿಗೆ ಹೇಳಿಕೊಡಬೇಕಿಲ್ಲ. ಹಗ್ಗದ ಮೇಲೆ ಒಣಗಿಸಿದ ಅರಿವೆಯನ್ನು ಝಾಡಿಸದೆ ತಂದು ಹಾಸಿದರೆ ಅದರ ಕಣಗಳು ಬ್ಲೇಡಿಗೂ ಮ್ಯಾಟಿಗೂ ತಿಕ್ಕುತ್ತವೆ. ಹಳೆ ಸೀರೆಯನ್ನು ಒಗೆದು, ತೆಳ್ಳಗೆ ಗಂಜಿ ಹಾಕಿ, ಇಸ್ತ್ರಿ ಮಾಡಿಕೊಳ್ಳಿ. ಮೆತ್ತಗೆ ಜೋತುಬೀಳುವ ಅರಿವೆ ಕಟರಿನ ಮುಂದೆ ಗುಡ್ಡೆಯಾಗುತ್ತದೆ. ಗಂಜಿ ಹಾಕಿದ್ದು ಕಾಗದದಂತೆ ನಿಲ್ಲುವುದರಿಂದ ಕೈ ಒತ್ತುವ ಬಲ ಅರ್ಧಕ್ಕರ್ಧ ಇಳಿದಂತೆ ಅನಿಸುತ್ತದೆ. ಸೀರೆಗೆ ಜರಿ ಸೆರಗಿದ್ದರೆ ಅದನ್ನು ಕತ್ರಿಯಲ್ಲೇ ಬೇರ್ಪಡಿಸಿ. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಕನ್ನಡಿ, ಕವಡೆ, ಬಿಲ್ಲೆ ಹಚ್ಚಿದ ಹಳೆ ಲಂಬಾಣಿ ಅರಿವೆಯನ್ನು ಕೌದಿಗೆ ಬಳಸುವವರು ಅವನ್ನೆಲ್ಲ ಬಿಚ್ಚಿಟ್ಟ ಮೇಲೆಯೇ ಕಟರ್ ಮುಟ್ಟಬೇಕು. ಟಾಚಣಿಯೂ ಇರಬಾರದು.

ಬ್ಲೇಡ್ ಕೆಟ್ಟಿದೆಯೋ, ಕೈ ಒತ್ತುವುದು ಕಡಿಮೆಯಾಯಿತೋ ಎಂದು ಕಂಡುಹಿಡಿಯುವ ಸುಲಭ ದಾರಿಯೊಂದಿದೆ. ಕತ್ತರಿಸಿದ ಪಟ್ಟಿಯನ್ನು ಮೆಲ್ಲಗೆ ಎಳೆದು ನೋಡಿ. ಒಂದೆರಡು ಎಳೆ ಕೂಡಿಕೊಂಡೇ ಉಳಿದಿದ್ದರೆ, ಅಂಥ ಜಾಗಗಳ ನಡುವಿನ ದೂರ ಅಳೆಯಿರಿ. 45 ಮಿಲಿಮೀಟರ್ ಬ್ಲೇಡ್ ಒಂದು ಸುತ್ತು ಹೊರಳಿದರೆ 14 ಸೆಂಟಿಮೀಟರ್ ಚಿಲ್ಲರೆ ದೂರ ಹೋಗುತ್ತದೆ. ಪ್ರತಿ 14 ಸೆಂಟಿಮೀಟರಿಗೆ ಎಳೆ ಉಳಿಯುತ್ತಿದ್ದರೆ ಬ್ಲೇಡಿನ ಒಂದು ಕಡೆ ಹಲ್ಲು ಬಿದ್ದಿದೆ, ಬದಲಿಸಿ. 28ರದಾದರೆ ಆ ಅಂತರ ಸುಮಾರು 9, 60ರದಾದರೆ 19 ಸೆಂಟಿಮೀಟರ್. ಎಲ್ಲೆಂದರಲ್ಲಿ ಉಳಿಯುತ್ತಿದ್ದರೆ ಒತ್ತಡ ಹೆಚ್ಚುಕಮ್ಮಿಯಾಗುತ್ತಿದೆ ಅಥವಾ ಮ್ಯಾಟ್ ಸಮತಟ್ಟಾಗಿಲ್ಲ. ಉದ್ದಕ್ಕೂ ಎಳೆ ಜಗ್ಗಿಕೊಂಡು ಬರುತ್ತಿದ್ದರೆ ಪೂರ್ತಿ ಮೊಂಡಾಗಿದೆ. ಬದಲಿಸುವ ಮುಂಚೆ ಒಮ್ಮೆ ತಿರುಪು ಬಿಚ್ಚಿ, ಸಂದಿಯಲ್ಲಿ ಸೇರಿದ ನಾರು ಒರೆಸಿ, ಹೊಲಿಗೆ ಮಷಿನ್ನಿನ ಎಣ್ಣೆ ಒಂದು ಹನಿ ಹಾಕಿ, ತಿರುಪನ್ನು ತುಸು ಸಡಿಲವಾಗಿ ಕೂರಿಸಿ ನೋಡಿ. ತೀರ ಬಿಗಿದ ಗಾಲಿ ಉರುಳುವುದಿಲ್ಲ, ಎಳೆದುಕೊಂಡು ಹೋಗುತ್ತದೆ. ಎಷ್ಟೋ ಸಲ 'ಕಟರ್ ಕೈ ನೋಯಿಸುತ್ತದೆ' ಎನ್ನುವುದರ ಹಿಂದೆ ಈ ತಿರುಪು ಇರುತ್ತದೆ.

ಮ್ಯಾಟಿಗೆ ಬಿಸಿಯೇ ವೈರಿ. ಏಪ್ರಿಲ್, ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರುಗಳಿವು. ತಗಡಿನ ಮಾಳಿಗೆಯ ಕೆಳಗೆ ಗೋಡೆಗೆ ಒರಗಿಸಿದರೂ, ಮಾಳಿಗೆ ಮೇಲೆ ಮರೆತರೂ, ಇಸ್ತ್ರಿ ಪೆಟ್ಟಿಗೆ ಇಟ್ಟರೂ ಅದು ಸೊಟ್ಟಗಾಗುತ್ತದೆ, ಮತ್ತೆ ನೆಟ್ಟಗಾಗುವುದು ದುಸ್ತರ. ಮಂಚದ ಕೆಳಗೆ ತಂಪು ಪರಸಿಯ ಮೇಲೆ ಮಟ್ಟಸವಾಗಿ ಮಲಗಿಸಿಡಿ. ಈ ಒಂದು ವಿಷಯದಲ್ಲಿ ನಮ್ಮ ನೆಲ ಉಪಕಾರಿ.

ಜೋಪಾನದ ಮಾತು ಎಲ್ಲ ಪೊಟ್ಟಣಗಳ ಮೇಲೂ ಅಚ್ಚಾಗಿರುತ್ತದೆ: ನಿಮ್ಮಿಂದ ಆಚೆಗೆ ಕತ್ತರಿಸಿ, ಪ್ರತಿ ಸಲ ಮುಚ್ಚಿ, ಪಟ್ಟಿ ಹಿಡಿದ ಬೆರಳು ಅಂಚಿನಿಂದ ಹಿಂದಿರಲಿ. ಕೂತು ಕತ್ತರಿಸುವವರಿಗೆ ಬೇಕಾದ್ದು ಅಲ್ಲಿರುವುದಿಲ್ಲ. ಚಕ್ಕಳಮಕ್ಕಳ ಕೂತಾಗ ಮೊಣಕಾಲು, ಪಾದ ಮ್ಯಾಟಿನ ಪಕ್ಕದಲ್ಲೇ ಇರುತ್ತವೆ, ಅಡ್ಡಕ್ಕೆ ಎಳೆದ ಕಟರ್ ಪಟ್ಟಿ ಜಾರಿದರೆ ನೇರ ಅಲ್ಲಿಗೇ ಬರುತ್ತದೆ. ಅಡ್ಡ ಕತ್ತರಿಸಬೇಕಾದಾಗ ಕೈ ತಿರುಗಿಸಬೇಡಿ, ಮ್ಯಾಟ್ ತಿರುಗಿಸಿ. ತೆರೆದ ಕಟರನ್ನು ಅರಿವೆ ರಾಶಿಯಲ್ಲಿ ಇಟ್ಟು ಬಾಗಿಲು ತೆಗೆಯಲು ಎದ್ದು ಹೋಗುವುದು ಎಲ್ಲಕ್ಕಿಂತ ಕೆಟ್ಟ ರೂಢಿ. ಬರಿಗಾಲಲ್ಲಿ ಓಡಾಡುವ ಮನೆ ನಮ್ಮದು.

ಹಳೆ ಬ್ಲೇಡನ್ನು ಕೂಡಲೇ ಎಸೆಯಬೇಡಿ, ರಟ್ಟಿನ ಅಚ್ಚು, ಕಾಗದದ ನಮೂನೆ ಕತ್ತರಿಸಲು ಬರುತ್ತದೆ. ಅರಿವೆಯದರೊಂದಿಗೆ ಬೆರೆಯದಂತೆ ಅದರ ಮೇಲೆ ಮಾರ್ಕರಿನಲ್ಲಿ ಗುರುತು ಹಾಕಿ. ಅದಕ್ಕೂ ಬಾರದಾದಾಗ ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ಹಾಕುತ್ತ ಬನ್ನಿ. ಡಬ್ಬಿ ತುಂಬಿದ ಮೇಲೆ ಸುತ್ತ ಟೇಪ್ ಸುತ್ತಿ, ಮೇಲೆ 'ಬ್ಲೇಡ್' ಎಂದು ದಪ್ಪಗೆ ಬರೆದು, ಕಸದ ಚೀಲದಲ್ಲಿ ತೂರಿಸದೆ ಕಸದ ಗಾಡಿಯವರಿಗೆ ಹೇಳಿ ಬೇರೆಯಾಗಿ ಕೊಡಿ.